ಒರಗಿಸಿಟ್ಟ ಬಾಗಿಲು

ಬಡಗಿ ಹೇಳುವ ‘ನಾಳೆ’ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ ಎಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಆದರೆ ಈ ಬಡಗಿ ಹಾಗಲ್ಲ. ಹದಿನೈದನೇ ತಾರೀಖು ಎಂದರೆ ಹದಿನೈದೇ. ನೀವು ಹಲ್ಲುಜ್ಜಿರಲಿ ಬಿಡಲಿ, ಬಾಗಿಲು ಹೊತ್ತ ಗಾಡಿ ಬೆಳಿಗ್ಗೆಯೇ ನಿಮ್ಮ ಮನೆ ಮುಂದೆ ನಿಂತಿರುತ್ತಿತ್ತು. ಜನ ಅವನನ್ನು ತಾರೀಖು ಮೇಸ್ತ್ರಿ ಎಂದು ಕರೆದರು, ಮೊದಮೊದಲು ಗೇಲಿಗೆ, ಆಮೇಲೆ ರೂಢಿಗೆ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವನಿಗೆ ಒಳಗೊಳಗೇ ಹೆಮ್ಮೆ, ಹೊರಗೆ ತೋರಿಸುತ್ತಿರಲಿಲ್ಲ ಅಷ್ಟೆ.

ಅಪ್ಪ ಬಿಟ್ಟುಹೋದ ತಗಡಿನ ಶೆಡ್ಡೇ ಅವನ ಆಸ್ತಿ. ಒಳಗೆ ಮರ ನುಣುಪು ಮಾಡುವ ಒಂದು ಹಳೆಯ ಮೆಷಿನ್ನು, ಗೋಡೆಗೆ ಸಾಲಾಗಿ ನೇತುಹಾಕಿದ ಉಳಿ ಬಾಚಿಗಳು, ಮತ್ತೆ ಅಪ್ಪನ ಕೆಲಸದ ಮೇಜು. ಅಪ್ಪ ಜೀವಮಾನವಿಡೀ ಸೊಂಟ ಆನಿಸಿ ನಿಂತ ಕಡೆ ಆ ಮೇಜಿನ ಅಂಚು ಸವೆದು ತಗ್ಗಾಗಿತ್ತು. ಮಗನೂ ಅಲ್ಲೇ ಸೊಂಟ ಆನಿಸಿ ನಿಲ್ಲುತ್ತಿದ್ದ. ಆ ಶೆಡ್ಡು ಕೈತಪ್ಪಿದರೆ ತಾನು ಕಂಡವರ ಮನೆಯಲ್ಲಿ ಕೂಲಿಗೆ ಮೊಳೆ ಹೊಡೆಯುವವನಾಗುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಬಂತು. ಸ್ವಂತ ಜಾಗದಲ್ಲಿ ಕಟ್ಟಡ ಕಟ್ಟಿಸುತ್ತಿದ್ದದ್ದು ಒಂದು ದೊಡ್ಡ ಕಂಪನಿ. ಅದು ಬಾಗಿಲಿನ ಕೆಲಸವನ್ನು ಒಬ್ಬನಿಗೆ, ನಲ್ಲಿಯ ಕೆಲಸವನ್ನು ಇನ್ನೊಬ್ಬನಿಗೆ, ಬಣ್ಣವನ್ನು ಮತ್ತೊಬ್ಬನಿಗೆ ಹಂಚಿತ್ತು. ಮೇಲಿನವನಿಗೆ ಬಂದರೆ ಕೆಳಗಿನವನಿಗೆ ಎಂಬುದು ಈ ಕಸುಬಿನ ನಿಯಮ. ಮೇಲಿನವನಿಗೆ ಬಂದರೂ ಕೆಳಗಿನವನಿಗೆ ಬರದೇ ಇರಬಹುದು ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಅಷ್ಟೊಂದು ಬಾಗಿಲಿಗೆ ಮರ ಬೇಕಲ್ಲ? ಹೆಂಡತಿಯ ಅಣ್ಣ ಮರದ ವ್ಯಾಪಾರಿ, ಸಾಲಕ್ಕೆ ಕೊಟ್ಟ. ನೆಂಟರ ನಡುವೆ ಪತ್ರಗಿತ್ರ ಯಾಕೆ ಎಂದು ಭಾವ ಮೊದಲು ನಕ್ಕ, ಆಮೇಲೆ ಶೆಡ್ಡಿನ ಪತ್ರ ಇಸಿದುಕೊಂಡು ಬೀರುವಿನಲ್ಲಿಟ್ಟ.

ಬಾಗಿಲುಗಳು ಸೊಗಸಾಗಿ ಬಂದವು. ರೋಗಿಯ ಮಂಚ ತಳ್ಳಿಕೊಂಡು ಹೋಗುವವರ ಕೈಗೆ ತಾಕಬಾರದೆಂದು ಅವನು ಒಂದೊಂದರ ಅಂಚನ್ನೂ ದುಂಡಗೆ ಉಜ್ಜಿದ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಅದಕ್ಕೆ ಯಾರೂ ದುಡ್ಡನ್ನೂ ಕೊಡುತ್ತಿರಲಿಲ್ಲ. ಆಸ್ಪತ್ರೆಗೆ ತಂದು ಒಂದೊಂದು ಕೋಣೆಯ ಗೋಡೆಗೂ ಒಂದೊಂದನ್ನು ಒರಗಿಸಿಟ್ಟ. ಅಲ್ಲಿಯವರೆಗಿನ ಬಿಲ್ಲು ಕಂಪನಿಯ ಮೇಜಿನ ಮೇಲೆ ತೂಕಡಿಸುತ್ತಿತ್ತು.

ಆಗ ಕಂಪನಿಯ ಇಂಜಿನಿಯರು ಬಂದು ಹೆಗಲ ಮೇಲೆ ಕೈ ಹಾಕಿದ. ಈ ಕಸುಬಿನಲ್ಲಿ ಹೆಗಲ ಮೇಲೆ ಬೀಳುವ ಕೈ ಹೆಚ್ಚಾಗಿ ಜೇಬಿಗೇ ಇಳಿಯುತ್ತದೆ. ಸೋಮವಾರ ಬ್ಯಾಂಕಿನವರು ಕಟ್ಟಡ ನೋಡಲು ಬರುತ್ತಾರಂತೆ; ಬಾಗಿಲೆಲ್ಲ ಚೌಕಟ್ಟಿಗೆ ಕೂತಿದ್ದರೆ ಸಾಲ ಮಂಜೂರು, ಸಾಲ ಬಂದ ದಿನವೇ ಮೇಸ್ತ್ರಿಯ ಬಿಲ್ಲು ಪಾಸು. “ನೀವು ತಾರೀಖು ಮೇಸ್ತ್ರಿ ಅಲ್ವಾ? ನಿಮ್ಮನ್ನ ನಂಬಿ ದಿನ ಕೊಟ್ಟುಬಿಟ್ಟಿದೀನಿ,” ಎಂದ.

ಹೊಗಳಿದರೆ ಹಿಗ್ಗದವರು ಯಾರು? ಮೇಸ್ತ್ರಿ ಹೂಂ ಎಂದ.

ನಲ್ಲಿಯ ಕೆಲಸದವನು ಅವತ್ತು ಪಕ್ಕದ ಕೋಣೆಯಲ್ಲಿ ಬಿಚ್ಚದ ಪೆಟ್ಟಿಗೆಗಳ ಮೇಲೆ ಕೂತು ಬೀಡಿ ಸೇದುತ್ತಿದ್ದ. ಶುದ್ಧ ಸೋಮಾರಿ, ಯಾವ ಕೆಲಸ ಕೇಳಿದರೂ ಒಂದು ಪೈಪು ಕಡಿಮೆ ಇದೆ ಎನ್ನುವವನು. ಅವನು ಮೇಸ್ತ್ರಿಯನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದ: “ಕೂರಿಸಬೇಡ ಮಾರಾಯ. ಒರಗಿಸಿಟ್ಟಿದೀಯ, ಹಾಗೇ ಇರ್ಲಿ. ದುಡ್ಡು ಬರ್ಲಿ, ಆಮೇಲೆ ಕೂರಿಸು.”

ಕೆಲಸ ತಪ್ಪಿಸಿಕೊಳ್ಳುವವನ ಬುದ್ಧಿವಾದ ಎಂದು ಮೇಸ್ತ್ರಿ ನಕ್ಕುಬಿಟ್ಟ. ಇಬ್ಬರು ಆಳುಗಳನ್ನು ಕಟ್ಟಿಕೊಂಡು, ಊಟ ನಿದ್ದೆ ಬಿಟ್ಟು, ಸೋಮವಾರ ಬೆಳಗಾಗುವುದರೊಳಗೆ ಕೊನೆಯ ಬಾಗಿಲಿಗೂ ಸ್ಕ್ರೂ ತಿರುಗಿಸಿದ. ಬ್ಯಾಂಕಿನವರು ಬಂದರು, ನೋಡಿದರು, ಒಬ್ಬ ಬಾಗಿಲನ್ನು ಒಂದೇ ಬೆರಳಿನಲ್ಲಿ ತಳ್ಳಿ ಚೆನ್ನಾಗಿದೆ ಎಂದ. ಮೇಸ್ತ್ರಿಗೆ ಸಿಕ್ಕ ಕೂಲಿ ಅದೊಂದೇ.

ಮುಂದಿನ ತಿಂಗಳು ಕಂಪನಿ ದಿವಾಳಿ ಎದ್ದಿತು. ಆಫೀಸಿಗೆ ಬೀಗ. ಇಂಜಿನಿಯರಿಗೂ ಸಂಬಳ ಬಾಕಿಯಂತೆ, ಫೋನು ಎತ್ತಲಿಲ್ಲ. ಕಂಪನಿಯ ಮಾಲೀಕನ ಮನೆಗೆ ಹೋದರೆ ಮನೆ ಅವನ ಹೆಂಡತಿಯ ಹೆಸರಿನಲ್ಲಿ, ಕಾರು ಮಗನ ಹೆಸರಿನಲ್ಲಿ; ಅವನ ಹೆಸರಿನಲ್ಲಿ ಇದ್ದದ್ದು ಸಾಲ ಮಾತ್ರ. ಕೊಟ್ಟವನು ಕೋಡಂಗಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಸಕೊಂಡವನು ಮಹಡಿಯ ಮೇಲೆ ನಿಂತು ಗಿಡಕ್ಕೆ ನೀರು ಹಾಕುತ್ತಿದ್ದ.

ಕಂಪನಿಯ ಆಸ್ತಿ ವಿಲೇವಾರಿಗೆ ಕೋರ್ಟಿನವರು ಒಬ್ಬ ಅಧಿಕಾರಿಯನ್ನು ನೇಮಿಸಿದರು. ಒಳ್ಳೆಯ ಮನುಷ್ಯ, ಕೂರಿಸಿ ಟೀ ಕೊಡಿಸಿದ. ನಲ್ಲಿಯವನ ಪೆಟ್ಟಿಗೆಗಳು ಬಿಚ್ಚಿರಲೇ ಇಲ್ಲವಲ್ಲ, ಅವು ಅವನವೇ, ರಶೀದಿ ತೋರಿಸಿ ಹೊತ್ತುಕೊಂಡು ಹೋಗಲಿ ಎಂದು ಬರೆದುಕೊಟ್ಟ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಕನ್ನಡಕ ತೆಗೆದ. ಗೋಡೆಗೆ ಕೂತ ಬಾಗಿಲು ಕಟ್ಟಡದ ಭಾಗ, ಇನ್ನು ಅದು ಕಟ್ಟಡದ ಜೊತೆಗೇ ಹರಾಜು. ಬಂದ ದುಡ್ಡಿನಲ್ಲಿ ಮೊದಲ ಪಾಲು ಬ್ಯಾಂಕಿಗೆ. ಮೇಸ್ತ್ರಿಯಂಥವರ ಸರದಿ ಕಟ್ಟಕಡೆಗೆ.

“ಸಾರ್, ಅದ್ರಲ್ಲಿ ಒಂದು ಬಾಗಿಲಿಗೂ ಅವ್ರು ದುಡ್ಡು ಕೊಟ್ಟಿಲ್ಲ.”

“ಕೊಟ್ಟಿದಾರೆ ಅಂತ ಯಾರೂ ಅಂತಿಲ್ಲ ಮೇಸ್ತ್ರಿ. ಕೂರಿಸಿಬಿಟ್ಟಿದೀರಲ್ಲ, ಏನ್ ಮಾಡೋದು?”

ಹೊರಗೆ ನಲ್ಲಿಯವನು ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದ. ಜನ್ಮದಲ್ಲೇ ಅವನು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮೇಸ್ತ್ರಿಯನ್ನು ನೋಡಿ ಅವನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಭಾವ ಒಂದು ಭಾನುವಾರ ಬಂದ. ತಾನಾಗಿ ಕೇಳುತ್ತಿಲ್ಲ, ತನಗೆ ಮರ ಕೊಟ್ಟವರು ತನ್ನ ಕುತ್ತಿಗೆ ಮೇಲೆ ಕೂತಿದ್ದಾರೆ ಎಂದ. ಸುಳ್ಳಲ್ಲ, ಅವನೂ ಸೊರಗಿದ್ದ. ತಂಗಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅಣ್ಣ ತಂದಿದ್ದ ಹಣ್ಣಿನ ಚೀಲ ಸಂಜೆಯವರೆಗೂ ಕುರ್ಚಿಯ ಮೇಲೇ ಇತ್ತು. ಶೆಡ್ಡು ಭಾವನ ಗೋದಾಮಾಯಿತು, ಮೆಷಿನ್ನು ಮಾರಿದ ದುಡ್ಡು ಆಳುಗಳ ಕೂಲಿಗೆ ಹೋಯಿತು. ಅಪ್ಪನ ಮೇಜನ್ನು ಮನೆಗೆ ತಂದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಮಹಡಿ ಮೆಟ್ಟಿಲ ಕೆಳಗೆ ಇಟ್ಟು ಅಲ್ಲೇ ಕೆಲಸ ಶುರುಮಾಡಿದ.

ಅಂದಿನಿಂದ ಅವನು ಒಂದು ನೇಮ ಹಿಡಿದ. ಹೇಳಿದ ತಾರೀಖಿಗೆ ಬಾಗಿಲು ತಂದು ಗೋಡೆಗೆ ಒರಗಿಸಿಡುವುದು; ಪೂರ್ತಿ ದುಡ್ಡು ಕೈಗೆ ಬರುವವರೆಗೆ ಕೀಲುಗಳು ಜೇಬಿನಲ್ಲೇ. ನಲ್ಲಿಯವನ ಬುದ್ಧಿ ಈಗ ಬಂದಿತ್ತು. ಶೆಡ್ಡು ಕೊಟ್ಟು ಕೊಂಡ ಬುದ್ಧಿ ಅದು.

ಬೀದಿ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಒಂಟಿಯಾಗಿದ್ದರು. ಅವರ ಮುಂಬಾಗಿಲು ಗೆದ್ದಲು ಹಿಡಿದು ಪುಡಿಪುಡಿಯಾಗಿತ್ತು. ಅರ್ಧ ದುಡ್ಡು ಮುಂಗಡವಾಗಿಯೇ ಕೊಟ್ಟರು. ಹೇಳಿದ ದಿನ ಮೇಸ್ತ್ರಿ ಹೋದ, ಹಳೆಯದನ್ನು ಕಿತ್ತು ತೆಗೆದ, ಹೊಸದನ್ನು ಗೋಡೆಗೆ ಒರಗಿಸಿ ಉಳಿದರ್ಧ ಕೇಳಿದ. ಅವತ್ತು ಬ್ಯಾಂಕಿಗೆ ರಜೆ. ನಾಳೆ ಬೆಳಿಗ್ಗೆ ತೆಗೆಸಿ ಕೊಡುತ್ತೇನೆ ಎಂದರು ಟೀಚರಮ್ಮ.

“ಹಾಗಾದ್ರೆ ನಾಳೆನೇ ಕೂರಿಸ್ತೀನಮ್ಮ,” ಎಂದ ಮೇಸ್ತ್ರಿ.

“ರಾತ್ರಿ ನಾನು ಒಬ್ಬಳೇ ಇರ್ತೀನಪ್ಪ.” ಆಮೇಲೆ, “ನಿಮ್ಮನ್ನ ತಾರೀಖು ಮೇಸ್ತ್ರಿ ಅಂತಾರೆ ಅಂತಾನೇ ನಿಮಗೆ ಕೊಟ್ಟಿದ್ದು,” ಎಂದರು.

“ತಾರೀಖಿಗೆ ತಂದಿದೀನಲ್ಲಮ್ಮ.”

ಕೀಲುಗಳನ್ನು ಜೇಬಿನಲ್ಲಿ ಗಿಲಿಗಿಲಿ ಅನ್ನಿಸುತ್ತ ಅವನು ಮನೆಗೆ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಹಾಕಿದ.

ಬೆಳಿಗ್ಗೆ ಹೋದಾಗ ಬಾಗಿಲಿಲ್ಲದ ಚೌಕಟ್ಟಿಗೆ ಊಟದ ಮೇಜನ್ನು ಅಡ್ಡ ಎಳೆದಿಟ್ಟಿದ್ದರು, ಅದರ ಹಿಂದೆ ಕುರ್ಚಿಯಲ್ಲಿ ಟೀಚರಮ್ಮ ಶಾಲು ಹೊದ್ದು ಕೂತಿದ್ದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಬ್ಯಾಂಕು ಇನ್ನೂ ತೆರೆದಿರಲಿಲ್ಲ, ಆದರೂ ದುಡ್ಡು ಮೇಜಿನ ಮೇಲಿತ್ತು. ಪಕ್ಕದ ಮನೆಯವರ ಹತ್ತಿರ ಕೈಗಡ ತಂದಿದ್ದರು. ಅವನು ಬಾಯಿ ತೆರೆಯುವ ಮೊದಲೇ ಅದನ್ನು ಮುಂದಕ್ಕೆ ತಳ್ಳಿದರು.

ಅವನು ಬಾಗಿಲು ಕೂರಿಸಿದ. ಕೂದಲೆಳೆಯಷ್ಟೂ ಓರೆಯಿಲ್ಲದೆ ಕೂತಿತು. ಸಂದು ನೋಡಲು ಹೊರಗೆ ನಿಂತಿದ್ದಾಗ ಟೀಚರಮ್ಮ ಒಳಗಿನಿಂದ ಬಾಗಿಲು ಮುಚ್ಚಿದರು. ಅವನೇ ಜೋಡಿಸಿದ ಬೋಲ್ಟು ಒಳಗೆ ಸರಿದ ಸದ್ದು ಅವನಿಗೆ ಕೇಳಿತು. ಉಳಿ ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಮನೆಯ ದಾರಿ ಹಿಡಿದ.

ಮನೆಯಲ್ಲಿ ಹೆಂಡತಿ, ಪೂರ್ತಿ ಕೊಟ್ಟರಾ ಎಂದು ಕೇಳಿದಳು. ಕೊಟ್ಟರು ಎಂದ.

“ಸದ್ಯ, ಒಳ್ಳೇ ಜನ,” ಎಂದಳು.

“ಹೂಂ,” ಎಂದ ಮೇಸ್ತ್ರಿ. “ಅವ್ರು ಒಳ್ಳೇವ್ರು.”