ಬೆಂಕಿಪೊಟ್ಟಣದ ಗೂಡ್ಸ್ ಗಾಡಿ

ಆ ವರ್ಷ ನಮ್ಮ ಅಡುಗೆಮನೆಯಲ್ಲಿ ಬೆಂಕಿಕಡ್ಡಿಗಳೆಲ್ಲ ಒಂದು ಗಾಜಿನ ಬಾಟಲಿಯಲ್ಲಿದ್ದವು. ಗೀರುವುದಕ್ಕೆಂದು ಒಂದೇ ಒಂದು ಪೊಟ್ಟಣ ಒಲೆಯ ಪಕ್ಕದಲ್ಲಿ ಒಂಟಿಯಾಗಿ ಕೂತಿರುತ್ತಿತ್ತು. "ಪೊಟ್ಟಣಗಳನ್ನ ಏನ್ ಮಾಡ್ತಾಳೋ, ಹುರ್ಕೊಂಡು ತಿಂತಾಳೋ" ಎಂದು ಅತ್ತೆ ಗೊಣಗುತ್ತಿದ್ದರು. ಮಿಕ್ಕ ಪೊಟ್ಟಣಗಳು ಎಲ್ಲಿ ಹೋಗುತ್ತಿದ್ದವೆಂದು ನಿಮ್ಮ ಹತ್ತಿರ ಹೇಳುವುದಕ್ಕೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ. ಅತ್ತೆ ಮಧ್ಯಾಹ್ನ ಮಲಗಿದ ಮೇಲೆ, ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೆನ್ನುಮೇಲಾಗಿ ಹಾಸಿ, ಪೆನ್ಸಿಲ್ಲಿನಲ್ಲಿ ಹಳಿಗಳನ್ನೆಳೆದು, ಆ ಹಳಿಗಳ ಮೇಲೆ ನಾನು ಅವನ್ನು ಗೂಡ್ಸ್ ಗಾಡಿಯ ಡಬ್ಬಿಗಳಂತೆ ಒಂದರ ಹಿಂದೊಂದು ನಿಲ್ಲಿಸುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಮೇಜಿನ ಬಟ್ಟೆಯನ್ನು ಸರಕ್ಕನೆ ಅವುಗಳ ಮೇಲೆಳೆದು, ಅದರ ಉಬ್ಬುತಗ್ಗುಗಳ ಎದುರಿಗೆ ನಾನೇ ಅಡ್ಡ ನಿಂತುಬಿಡುತ್ತಿದ್ದೆ.

ನಿಜವಾದ ಪುಟ್ಟ ರೈಲೂ ಇತ್ತು, ದಿವಾನ್ ಮಂಚದ ಕೆಳಗೆ, ಜಾಲರಿಯಂಚಿನ ಹೊದಿಕೆಯ ಮರೆಯಲ್ಲಿ. ಬೆನ್ಸನ್ ಟೌನಿನಲ್ಲಿ ನಮ್ಮ ಹಿಂದಿನ ರಸ್ತೆಯಲ್ಲಿದ್ದ ಡೊರೀನ್ ಆಂಟಿ ಮನೆ ಖಾಲಿಮಾಡಿ ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟಾಗ, ಗುಲಾಬಿ ಕುಂಡಗಳ ಜೊತೆಗೆ ಆ ರೈಲಿನ ಪೆಟ್ಟಿಗೆಯನ್ನೂ ನನ್ನ ಮಡಿಲಿಗೆ ಹಾಕಿದ್ದರು. ಆಕೆಯ ಗಂಡ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಟೆರೇಸಿನಲ್ಲಿ ಹಪ್ಪಳ ಒಣಗಿಸುವ ನೆಪದಲ್ಲಿ ನಾನು ದೂರದಲ್ಲಿ ಡಬ್ಬಿಗಳನ್ನು ಹಳಿಯಿಂದ ಹಳಿಗೆ ಸಾಗಿಸುವ ಶಂಟಿಂಗ್ ನೋಡುತ್ತ ನಿಲ್ಲುವುದನ್ನು ಆಂಟಿ ಕಂಡಿದ್ದರು. "ಟೇಕ್ ಇಟ್, ಮ್ಯಾನ್. ನಿಂಗೇ. ಯಾವ ಮಕ್ಕಳ ಕೈಗೂ ಕೊಡ್ಬೇಡ" ಎಂದರು.

ಕೊಡುವುದಕ್ಕೆ ನಮ್ಮ ಮನೆಯಲ್ಲಿ ಮಕ್ಕಳಿರಲಿಲ್ಲ. ನನ್ನ ನಾಚಿಕೆಯ ಬೇರು ಅಲ್ಲೇ ಇತ್ತು. ದೊಡ್ಡ ಹೆಂಗಸೊಬ್ಬಳು ಆಟದ ರೈಲಿನೆದುರು ಮಂಡಿಯೂರಿ ಕೂತರೆ ಜನ ನಕ್ಕಾರು; ಆ ನಗುವನ್ನು ಹೇಗೋ ತಡೆದುಕೊಳ್ಳಬಹುದು. ಮಕ್ಕಳಿಲ್ಲದವಳು ಕೂತರೆ ಯಾರೂ ನಗುವುದಿಲ್ಲ, ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿಗೆ ಹೆದರಿಯೇ, ರೈಲಿನ ಹಳಿ ಕೂರಿಸುವ ಹಲಗೆ ಕೊಯ್ಯಿಸಲು ಶಿವಾಜಿನಗರಕ್ಕೆ ಹೋದಾಗ ಮರದಂಗಡಿಯವನು "ಕಿಚನ್ ಶೆಲ್ಫಾ ಮೇಡಂ?" ಎಂದು ಕೇಳಿದ್ದಕ್ಕೆ ಹೂಂ ಎಂದುಬಿಟ್ಟೆ, ಅವನು ಒಳ್ಳೆಯ ಮನಸ್ಸಿನಿಂದ ಅಂಚುಗಳನ್ನೆಲ್ಲ ನುಣ್ಣಗೆ ಉಜ್ಜಿಕೊಟ್ಟ. ನನ್ನ ಕಾನ್ವೆಂಟಿನ ಸಿಸ್ಟರುಗಳು ಬೆರಳುಗಳು ಸುಮ್ಮನಿರಬಾರದೆಂದು ಕಸೂತಿ ಕಲಿಸಿದ್ದರು, ಆದರೆ ಬೆರಳುಗಳು ತಮ್ಮ ಪಾಡಿಗೆ ಸಂತೋಷವಾಗಿರಬಹುದೆಂದು ಹೇಳಿದ ನೆನಪಿಲ್ಲ.

ಆಟದ ರೈಲೆಂದರೆ ಸುತ್ತುವ ರೈಲೆಂದೇ ಎಲ್ಲರ ಎಣಿಕೆ. ನನ್ನದು ಸುತ್ತುತ್ತಿರಲಿಲ್ಲ. ಒಂದು ಗೇಣು ಮುಂದೆ ಹೋಗಿ, ನಿಂತು, ಹಿಂದೆ ಬಂದು, ಅಕ್ಕಿಯ ಗೋದಾಮಿನ ಮುಂದೆ ಒಂದು ಡಬ್ಬಿಯನ್ನು ಬಿಟ್ಟು, ಸಿಮೆಂಟಿನ ಖಾಲಿ ಡಬ್ಬಿಯೊಂದನ್ನು ಕಚ್ಚಿಕೊಂಡು ಮರಳುವುದು, ಅಷ್ಟೇ ಅದರ ಲೋಕಸಂಚಾರ. ಆದರೆ ಆ ಅಷ್ಟರಲ್ಲೇ ಎಷ್ಟೊಂದು ಯೋಚನೆ! ಸೀಮೆಎಣ್ಣೆ ಡಿಪೋದ ಹಳಿ ಎದುರು ದಿಕ್ಕಿಗೆ ಬಾಯಿ ತೆರೆದಿದ್ದರೆ ಎಂಜಿನ್ ಡಬ್ಬಿಯನ್ನು ಎಳೆದೊಯ್ಯಲಾರದು, ಹಿಂದಿನಿಂದ ತಳ್ಳಬೇಕು. ತಳ್ಳಬೇಕಾದರೆ ಡಬ್ಬಿಗಳನ್ನು ಒಂದು ಹಳಿಯಲ್ಲಿ ಬಿಟ್ಟು, ಪಕ್ಕದ ಹಳಿಯಿಂದ ಬಳಸಿ ಬಂದು ಅವುಗಳ ಬಾಲ ಹಿಡಿಯಬೇಕು. ಬಳಸಿ ಬರಬೇಕಾದರೆ ಬಿಟ್ಟುಹೋದ ಡಬ್ಬಿಗಳೆಲ್ಲ ಎರಡು ಕವಲುಗಳ ನಡುವೆ ಹಿಡಿಸಬೇಕು. ಎಷ್ಟು ಡಬ್ಬಿ ಹಿಡಿಸುತ್ತವೆ ಎಂಬುದನ್ನೇ ನಾನು ತಿಂಗಳುಗಟ್ಟಲೆ ಪೊಟ್ಟಣಗಳಿಂದ ಅಳೆದದ್ದು, ಏಕೆಂದರೆ ಆ ಪುಟಾಣಿ ಡಬ್ಬಿಗಳ ಉದ್ದ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟೇ. ಮನೆಗೆಲಸವೂ ಹೀಗೇ ಅಲ್ಲವೇ, ಅಲ್ಲಿಂದ ತೆಗೆದು ಇಲ್ಲಿಡುವುದು, ಎಂದು ಒಮ್ಮೆ ನಮ್ಮವರಿಗೆ ಹೇಳಹೋಗಿ, ಆ ಮಾತೂ ಒಂದು ನೆಪದಂತೆ ಕೇಳಿಸಿ ಬಾಯಿ ಮುಚ್ಚಿಕೊಂಡೆ. ಗುಟ್ಟು ಗೊತ್ತಿದ್ದವರು ಅವರೊಬ್ಬರೇ. ಸಂಜೆ ಬೂಟು ಬಿಚ್ಚುತ್ತ ಮೆಲ್ಲಗೆ ಕೇಳುತ್ತಿದ್ದರು: "ಡ್ಯೂಟಿ ಮುಗೀತೇನೇ?"

ಆಯುಧಪೂಜೆಯ ಬೆಳಿಗ್ಗೆ ನಮ್ಮವರು ಹೊರಗೆ ಸ್ಕೂಟರ್ ತೊಳೆಯುತ್ತಿದ್ದರು. ಈಳಿಗೆಮಣೆ, ಕತ್ತರಿ, ಸುತ್ತಿಗೆ, ಹೊಲಿಗೆ ಮಿಷನ್ ಎಲ್ಲ ದೇವರ ಮುಂದೆ ಸೇರಿದ್ದವು. ರಾಮಮೂರ್ತಿ ನಗರದಿಂದ ಬಂದಿದ್ದ ನಾದಿನಿ ಸರೋಜ ಹೂ ಕಟ್ಟುತ್ತ ಕೂತಿದ್ದಳು. ಅತ್ತೆ ನೆಟ್ಟಗೆ ದಿವಾನ್ ಮಂಚದ ಹತ್ತಿರ ಹೋಗಿ, ಹೊದಿಕೆ ಎತ್ತಿ, ಹಲಗೆಯನ್ನು ಸದ್ದಾಗುವಂತೆ ಹೊರಗೆಳೆದರು.

ಹೂ ಕಟ್ಟುತ್ತಿದ್ದ ಕೈ ನಿಂತಿತು. ಸರೋಜ ನನ್ನನ್ನು ನೋಡಿದಳು, ರೈಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು, ಆಮೇಲೆ, ನಾನು ಹೆದರಿದ್ದ ಅದೇ ದನಿಯಲ್ಲಿ, "ಅತ್ತಿಗೆ... ಪಾಪ, ಮನಸ್ಸಿಗೆ ಏನೂ ಹಚ್ಕೋಬೇಡಿ" ಎಂದಳು. ಅದಲ್ಲ ಸರೋಜ, ನನಗಿದು ಬರೀ ಇಷ್ಟ, ಎನ್ನಬೇಕೆಂದಿದ್ದೆ.

"ಕಬ್ಬಿಣದ್ದೇ ತಾನೆ? ದಿನಾ ಕೈಯಲ್ಲಿ ಹಿಡಿಯೋದೇ ತಾನೆ?" ಎಂದರು ಅತ್ತೆ. ದಿನಾ ಎಂಬ ಆ ಮಾತಿಗೆ ನಾನು ಇನ್ನಷ್ಟು ಕುಗ್ಗಿದೆ. ನನ್ನ ಮಧ್ಯಾಹ್ನಗಳಲ್ಲಿ ಅವರು ನಿದ್ದೆಯನ್ನೇ ಮಾಡಿರಲಿಲ್ಲವೇನೋ. "ಪೂಜೆ ಆದ್ಮೇಲೆ ನಾಳೆವರೆಗೂ ಮುಟ್ಟೋ ಹಾಗಿಲ್ಲ. ಏನ್ ಮಾಡುತ್ತೋ ಈಗ್ಲೇ ತೋರಿಸ್ಬಿಡು."

ಇದು ಅಕ್ಕಿ ಗೋದಾಮು, ಇದು ಡಿಪೋ ಎಂದು ಬೆರಳಿಟ್ಟು ತೋರಿಸುತ್ತ ಓಡಿಸಿದೆ. ಡಬ್ಬಿಗಳನ್ನು ಬಿಟ್ಟು ಎಂಜಿನ್ ಪಕ್ಕದ ಹಳಿಗೆ ಬಂತು, ಬಳಸಿತು, ಕೊನೆಯ ಕವಲಿನಲ್ಲಿ ಹಸಿರು ಡಬ್ಬಿಯ ಬಾಲಕ್ಕೆ ಡಿಕ್ಕಿ ಹೊಡೆದು ಹಳಿ ತಪ್ಪಿ ಮಗ್ಗುಲಾಯಿತು. ತಪ್ಪು ಎಲ್ಲಿಯದೆಂದು ನೋಡಿದ ಕ್ಷಣವೇ ಹೊಳೆಯಿತು: ಪೊಟ್ಟಣಗಳನ್ನು ಒಂದಕ್ಕೊಂದು ಒತ್ತಿ ಅಳೆದಿದ್ದೆನೇ ಹೊರತು, ಡಬ್ಬಿ ಡಬ್ಬಿಯ ನಡುವೆ ಒಂದು ಕೊಂಡಿಯಿದೆ, ಆ ಕೊಂಡಿಗೂ ಜಾಗ ಬೇಕು ಎಂಬುದನ್ನು ಮರೆತಿದ್ದೆ. ಬಚ್ಚಿಟ್ಟುಕೊಂಡೇ ಆಡುವವರು ಮಾತ್ರ ಮಾಡುವ ತಪ್ಪು ಅದು; ಎಲ್ಲ ಡಬ್ಬಿಗಳನ್ನೂ ಒಟ್ಟಿಗೆ ಓಡಿಸಿ ನೋಡುವ ಧೈರ್ಯ ನನಗೆ ಎಂದೂ ಬಂದಿರಲಿಲ್ಲ. ಗುಟ್ಟು ಬಯಲಾದ ನಾಚಿಕೆ ಹೇಗೋ ತಡೆಯುವಂಥದ್ದು. ಇಷ್ಟು ಕಾಲ ಗುಟ್ಟಾಗಿ ಹಾಕಿದ ಲೆಕ್ಕವೂ ಸರಿಯಾಗಿಲ್ಲವೆಂಬ ನಾಚಿಕೆ ಮಾತ್ರ ನೆಲಕ್ಕೇ ಇಳಿಸಿಬಿಟ್ಟಿತು.

"ಅಯ್ಯೋ, ಹಸಿರುದು ಅಡ್ಡ ಬಂತಲ್ಲ" ಎಂದಳು ಸರೋಜ. ಹೂವಿನ ತಟ್ಟೆ ಪಕ್ಕಕ್ಕೆ ಸರಿದಿತ್ತು. "ಅದನ್ನ ಮೊದ್ಲೇ ಅಕ್ಕಿ ಗೋದಾಮಿಗೆ ತಳ್ಬಿಡಿ ಅತ್ತಿಗೆ."

"ಅಲ್ಲಿ ಕೆಂಪು ಡಬ್ಬಿ ನಿಂತಿದೆಯಲ್ಲೇ."

"ಕೆಂಪುದನ್ನ ಆಚೆ ತೆಗೀರಿ ಮತ್ತೆ."

"ಎಲ್ಲಿಗೆ ತೆಗೀಲಿ? ಜಾಗ ಎಲ್ಲಿದೆ?"

"ಇಷ್ಟುದ್ದ ಹಲಗೆ ಇಟ್ಕೊಂಡು ಜಾಗ ಇಲ್ಲ ಅಂತೀರಲ್ಲ, ನಮ್ಮ ಬಾಡಿಗೆ ಮನೆ ಕಥೆ ಆಯ್ತು ಇದು."

ನಾವಿಬ್ಬರೂ ಹಲಗೆಯ ಮೇಲೆ ತಲೆ ತಗ್ಗಿಸಿ ವಾದಿಸುತ್ತಿದ್ದಾಗ ಅವಳ ದನಿ ಏರಿಬಿಟ್ಟಿತ್ತು. ಅದರಲ್ಲಿ ಪಾಪವೆಂಬುದರ ಸುಳಿವೇ ಇರಲಿಲ್ಲ. ನಮ್ಮವರು ಒದ್ದೆ ಕೈಯಲ್ಲಿ ಒಳಗೆ ಬಂದು ನೋಡಿ, ಸ್ಕೂಟರಿಗೇ ಮರಳಿದರು. ಅತ್ತೆ ಮಗ್ಗುಲಾಗಿದ್ದ ಎಂಜಿನ್ನನ್ನು ಎತ್ತಿ ನಿಲ್ಲಿಸಿ, ನೆತ್ತಿಗೆ ಅರಿಶಿನ ಕುಂಕುಮ ಇಟ್ಟು, "ಸಾಕು, ಇನ್ನು ಮುಟ್ಬೇಡಿ" ಎಂದರು. ನಾಳೆಯವರೆಗೆ ಹಸಿರು ಡಬ್ಬಿ ಅಡ್ಡವಾಗಿಯೇ ನಿಂತಿರಬೇಕಾಯಿತು.

ಮರುದಿನ ಸರೋಜ ಫೋನ್ ಮಾಡಿ ಹಸಿರು ಡಬ್ಬಿಯ ಕ್ಷೇಮಸಮಾಚಾರ ಕೇಳಿದಳು. ದೀಪಾವಳಿಗೆ ಬಂದಾಗ ಅವಳ ಚೀಲದಲ್ಲಿ ಸಿಹಿಯ ಡಬ್ಬದ ಪಕ್ಕ ಖಾಲಿ ಬೆಂಕಿಪೊಟ್ಟಣಗಳಿದ್ದವು. ಮೇಜಿನ ಮೇಲೆ ನನ್ನ ನಕ್ಷೆ ಹಾಸಿ, ಪೊಟ್ಟಣ ಪೊಟ್ಟಣದ ನಡುವೆ ಕೊಂಡಿಯ ಜಾಗಕ್ಕೆಂದು ಒಂದೊಂದು ಕಡ್ಡಿಯ ಅಂತರ ಬಿಟ್ಟು ಅವಳು ಸಾಲು ಜೋಡಿಸುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ನನ್ನ ಕೈ ತಾನಾಗಿಯೇ ಮೇಜಿನ ಬಟ್ಟೆಯ ಅಂಚನ್ನು ಹಿಡಿಯಿತು.

"ಬಿಡಿ ಅತ್ತಿಗೆ, ಎಲ್ಲಾ ಅಲ್ಲಾಡಿಹೋಗುತ್ತೆ" ಎಂದಳು, ತಲೆಯೆತ್ತದೆ.

ಬಿಟ್ಟೆ. ಕೆನ್ನೆ ಉರಿಯುತ್ತಿತ್ತು, ಉರಿಯುತ್ತಿದ್ದಂತೆಯೇ ಹೋಗಿ ಬಾಗಿಲು ತೆಗೆದೆ.