ಅಣ್ಣ ಕಮ್ಮಿ ಮಾಡಿಸಿದ ನಿದ್ದೆ

ರೊಟ್ಟಿ ಮುರಿದು ಬಾಯಿಗಿಡಲು ಹೋದೆ. ದವಡೆ ತೆರೆಯಲಿಲ್ಲ. ಹಲ್ಲುನೋವಿರಬೇಕೆಂದುಕೊಂಡು ನಮ್ಮ ಚಾದರದ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಸೆಟೆದು ಬಿಲ್ಲಾಗಿತ್ತು. ವಾರದ ಹಿಂದೆ ಚಾದರಗಳ ಪೆಟ್ಟಿಗೆಯ ಮೊಳೆ ಕಾಲಿಗೆ ಚುಚ್ಚಿದ್ದು ಆಗ ನೆನಪಾಯಿತು. ಅಥವಾ ಡಾಕ್ಟರು ಕೇಳಿದ ಮೇಲೆ ನೆನಪಾಯಿತೋ ಏನೋ.

ಟೆಟನಸ್.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕೊರಳಿಗೆ ತೂತು ಮಾಡಿ, ನಳಿಕೆ ಹಾಕಿ, ವೆಂಟಿಲೇಟರಿಗೆ ಜೋಡಿಸಿದರು. ಸೆಟೆತ ನಿಲ್ಲಿಸಲು ಒಂದು ಇಂಜೆಕ್ಷನ್. ಅದು ಮೈಯನ್ನೆಲ್ಲ ಸಡಿಲಿಸುತ್ತದೆ, ಅರಿವನ್ನು ಮುಟ್ಟುವುದಿಲ್ಲ. ನಿದ್ದೆಗೆ ಬೇರೆಯದು. ಈ ವ್ಯತ್ಯಾಸವನ್ನು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ನಮ್ಮಪ್ಪ ನಿದ್ದೆಯ ಇಂಜೆಕ್ಷನ್ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಅದೇ ಹೆದರಿಕೆಯಿಂದ ಅಣ್ಣ ಡಾಕ್ಟರ ಕೈ ಹಿಡಿದು, ನಿದ್ದೆಯದನ್ನು ಕಮ್ಮಿ ಮಾಡಿರೆಂದು ಮರಾಠಿಯಲ್ಲಿ ಬೇಡಿಕೊಂಡನಂತೆ. ಆ ಮದ್ದಿಗೆ ನನ್ನ ಬಿಪಿಯೂ ಇಳಿದಿತ್ತು. ಕಮ್ಮಿ ಮಾಡಿದರು.

ನನಗೆ ಎಚ್ಚರವಾಯಿತು.

ರೆಪ್ಪೆ ಎತ್ತಲಾಗಲಿಲ್ಲ. ಬೆರಳು ನನ್ನ ಮಾತು ಕೇಳಲಿಲ್ಲ. ಯಂತ್ರ ಕೊಟ್ಟಾಗ ಮಾತ್ರ ಉಸಿರು. ಕಫ ಎಳೆಯಲು ಕೊರಳೊಳಗೆ ನಳಿಕೆ ಇಳಿಸಿದಾಗ ಎದೆಯ ಒಳಗೋಡೆ ಸುಲಿದಂತಾಯಿತು. ಪಕ್ಕದಲ್ಲೇ ಅಣ್ಣ ಯಾರಿಗೋ ಹೇಳುತ್ತಿದ್ದ: "ನೋಡ್ರಿ, ಮುಖದ ಮ್ಯಾಲ ಒಂದ ಸುಕ್ಕಿಲ್ಲ. ಹೆಂಗ ಆರಾಮ ಮಲಗ್ಯಾನ ನಮ್ಮ ತಮ್ಮ."

ಎಷ್ಟು ಹೊತ್ತು? ವಾರ್ಡಿನ ಸಿಸ್ಟರ್ ಎರಡು ತಾಸು ಎನ್ನುತ್ತಾರೆ. ನನ್ನ ನೆನಪಿನ ಅಳತೆಯನ್ನು ನಾನೇ ನಂಬುವುದಿಲ್ಲ. ಹಣೆಯ ಬೆವರು, ಕಣ್ಣಂಚಿನ ನೀರು, ಓಡುವ ನಾಡಿ ನೋಡಿ ಡಾಕ್ಟರನ್ನು ಕರೆದವರು ಅವರೇ. ನಿದ್ದೆಯ ಮದ್ದು, ನೋವಿನ ಮದ್ದು, ಎರಡನ್ನೂ ಹೆಚ್ಚಿಸಿದರು. ಅಣ್ಣ ಮಾತ್ರ, ಅಕ್ಕಲಕೋಟದ ಸ್ವಾಮಿಗೆ ತಾನು ಹೊತ್ತ ಹರಕೆ ಫಲಿಸಿ ಜಡ್ಡು ಬೆವರಾಗಿ ಹೊರಬಿತ್ತೆಂದು ತಿಳಿದ.

ಮನೆಗೆ ಬಂದು ತಿಂಗಳಾಯಿತು. ನೋಡಲು ಬಂದವರಿಗೆಲ್ಲ ಅಣ್ಣ ಹೇಳುವುದು ಒಂದೇ: ನಿದ್ದೆ ಕಮ್ಮಿ ಮಾಡಿಸಿದ್ದಕ್ಕೇ ತಮ್ಮ ಉಳಿದ. ನಾನು ಸುಮ್ಮನಿರುತ್ತಿದ್ದೆ. ಅಷ್ಟೂ ದಿನ ಅಂಗಡಿ ಮುಚ್ಚಿ ಸ್ಟೂಲಿನ ಮೇಲೆ ಕೂತವನಿಗೆ ಏನೆಂದು ಹೇಳಲಿ? ಇದು ಕರುಣೆಯೋ, ಹೇಡಿತನವೋ, ದಿನಾ ಕೇಳಿಕೊಂಡಿದ್ದೇನೆ.

ನಿನ್ನೆ ಕುಂಭಾರಿ ಊರಿನ ಮಾಳಪ್ಪ ಬಂದರು. ಅವರ ಹೆಂಡತಿಗೂ ಟೆಟನಸ್. ಅದೇ ವಾರ್ಡು, ಅದೇ ಯಂತ್ರ. ಏನು ಮಾಡಬೇಕೆಂದು ಅಣ್ಣನನ್ನು ಕೇಳಲು ಬಂದಿದ್ದರು.

"ನಿದ್ದಿ ಸೂಜಿ ಬ್ಯಾಡಂತ ಕಡ್ಡಿ ಮುರದಂಗ ಹೇಳ್ರಿ," ಎಂದ ಅಣ್ಣ.

"ಬ್ಯಾಡಣ್ಣ." ನನ್ನ ದನಿ ಇನ್ನೂ ಒಡಕು. "ನನಗ ಎಚ್ಚರಿತ್ತು. ಆರಾಮ ಮಲಗ್ಯಾನ ಅಂತ ನೀ ಅಂದಿದ್ದು ಕೇಳಿಸ್ತು. ಆಗ ಕೊರಳಾಗ ನಳಿಗಿ ಇಳಸಾಕತ್ತಿದ್ರು. ಜೀವ ಹೋಗಲಿ ಅನಿಸಿತ್ತು."

ಅಣ್ಣ ನನ್ನತ್ತ ನೋಡಲಿಲ್ಲ. "ಇಷ್ಟು ದಿನ ಯಾಕ ಹೇಳಲಿಲ್ಲೋ?" ಎಂದ.



ಎದ್ದು ಚಪ್ಪಲಿ ಮೆಟ್ಟಿಕೊಂಡ. "ನಡೀರಿ ಮಾಳಪ್ಪ. ಡಾಕ್ಟರಿಗೆ ಮರಾಠಿಯೊಳಗ ನಾನು ಹೇಳ್ತೀನಿ."

ಸಂಜೆ ಬಂದವನು, ಆಕೆಗೆ ನಿದ್ದೆಯದು ಹೆಚ್ಚಿಸಿದ್ದಾರೆ ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದ. ಆಕೆ ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ನೋವಿಲ್ಲದೆ ಮಲಗಿದ್ದಾರೆಂದು ನಂಬಿದ್ದೇನೆ. ಇವತ್ತಿಗೆ ಅಷ್ಟು ಸಾಕು.