ಹಲ್ಲು ಕಾಣದ ಕೀಲಿ

ಗಿರಾಕಿ ಕೀಲಿಯನ್ನು ಮುಂದೆ ಚಾಚಿದರೆ ಬೀಗದಜ್ಜ ಮೊದಲು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಅಂಗಡಿಯ ಒಳಮೂಲೆಗೆ ಹೋಗಿ, ಬೀದಿಗೆ ಬೆನ್ನು ಹಾಕಿ ಕೂತು ಮುಷ್ಟಿ ಬಿಚ್ಚುತ್ತಿದ್ದ. ನಲವತ್ತೊಂದು ವರ್ಷ ಹೀಗೇ ನಡೆದಿತ್ತು. ಕೆಲಸ ಕಲಿಸಿದ ಸೋದರಮಾವ ಅವನಿಗೆ ಹೇಳಿದ್ದು ಒಂದೇ ಮಾತು: "ಕೀಲಿ ಅಂದ್ರೆ ಇನ್ನೊಬ್ಬರ ಮನೆ ಕಣೋ. ಕೆಲಸ ಮುಗಿದ ತಕ್ಷಣ ಆ ಮನೆಯಿಂದ ಹೊರಗೆ ಬಾ."

ಹೊರಗೆ ಬರುವುದು ಸುಲಭವಲ್ಲ. ಕೀಲಿಯ ಹಲ್ಲುಗಳನ್ನು ಒಮ್ಮೆ ಕಂಡರೆ ಸಾಕು, ಯಾವುದು ಎಷ್ಟು ಆಳ ಎಂದು ಅಜ್ಜನ ಕಣ್ಣು ತಾನಾಗಿ ಓದಿಬಿಡುತ್ತಿತ್ತು. ಆದ್ದರಿಂದಲೇ ಅವನು ಯಾರ ಕೀಲಿ ಎಂದು ಎಲ್ಲೂ ಬರೆದಿಡುತ್ತಿರಲಿಲ್ಲ. ಹೊಸ ಕೀಲಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಈ ನಿಯಮಗಳನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಮೇಜಿಗೆ ಬಿಗಿದ ಇಕ್ಕಳ, ಗೋಡೆಯ ಮೊಳೆಗಳಲ್ಲಿ ತೂಗುವ, ಇನ್ನೂ ಹಲ್ಲು ಮೂಡದ ಕೀಲಿಗಳು. ದೊಡ್ಡ ಮಳಿಗೆಯಲ್ಲಿ ಎರಡು ನಿಮಿಷಕ್ಕೆ ಕೀಲಿ ಕತ್ತರಿಸುವ ಯಂತ್ರ ಬಂದ ಮೇಲೆ ಅಜ್ಜನಿಗೆ ದಿನವಿಡೀ ಅರಗಳನ್ನು ಒರೆಸಿ ಮತ್ತೆ ಜೋಡಿಸುವುದೇ ಕೆಲಸವಾಯಿತು. ಪಕ್ಕದ ಅಂಗಡಿಯ ಗಡಿಯಾರದವನು, ಅಜ್ಜನ ಹಳೆಯ ಗೆಳೆಯ, ಬಾಗಿಲಲ್ಲಿ ನಿಂತು ಹಾಸ್ಯ ಮಾಡುತ್ತಿದ್ದ. "ನನ್ನ ಅಂಗಡೀಲಿ ಗಡಿಯಾರ ನಿಂತಿದೆ, ನಿನ್ನ ಅಂಗಡೀಲಿ ಕಾಲವೇ ನಿಂತಿದೆ."

ಜಾಲತಾಣದಲ್ಲಿ ಅಂಗಡಿಯ ಪೇಜು ತೆರೆದವಳು ಸೊಸೆ. ಅವಳು ಬಟ್ಟೆ ಮಳಿಗೆಯೊಂದರಲ್ಲಿ ಗಿರಾಕಿಗಳ ಫೋನ್ ತೆಗೆದುಕೊಳ್ಳುವ ಕೆಲಸದಲ್ಲಿದ್ದವಳು. ಆ ಮಳಿಗೆ ಕಾಯಂ ಆಗಿ ಮುಚ್ಚಿದ ಮೇಲೆ ಮಾವನ ಅಂಗಡಿಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡಳು. ಗಂಡ ಲಾರಿ ಓಡಿಸುತ್ತ ವಾರಕ್ಕೆರಡು ದಿನ ಮನೆ ಕಾಣುವವನು.

"ಜನರಿಗೆ ಬನ್ನಿ, ಬನ್ನಿ ಅಂತ ಕೂಗಿದ್ರೆ ಬರಲ್ಲ ಮಾವ. ಅವರನ್ನ ಮಾತಾಡಿಸ್ಬೇಕು, ಅವರು ಮಾತಾಡಿದ್ರೆ ಕೇಳಿಸ್ಕೋಬೇಕು."

"ಮಾತಾಡ್ಸೋಕೆ ನನಗೆ ಬರಲ್ಲಮ್ಮ. ಬೀಗದ ಜೊತೆ ಇದ್ದೂ ಇದ್ದೂ ಬಾಯೂ ಹಾಗೇ ಆಗಿದೆ."

"ನಿಮ್ಮ ಬಾಯಿ ಬೇಡ, ಕೈ ಕೊಡಿ ಸಾಕು."

ಅವಳು ಅವನ ಕೈಗಳ ಚಿತ್ರ ತೆಗೆದಳು: ಅರ ಹಿಡಿದ ಹೆಬ್ಬೆರಳು, ಹಿತ್ತಾಳೆಯ ಪುಡಿ ಮೆತ್ತಿದ ಉಗುರು. ಪ್ರತಿ ಬೆಳಿಗ್ಗೆ ಒಂದು ಪ್ರಶ್ನೆ ಹಾಕುತ್ತಿದ್ದಳು. ನೀವು ಮೊದಲು ತೆರೆದ ಬಾಗಿಲು ಯಾವುದು? ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿದ್ದು ಯಾವಾಗ? ಜನ ಬರೆದರು. ಒಬ್ಬಳು ತೀರಿಹೋದ ತಾಯಿಯ ಪೆಟ್ಟಿಗೆಯ ಬಗ್ಗೆ ಬರೆದಳು. ಒಬ್ಬ ತನ್ನ ಬೀಗ ಬಿಗಿಯಾಗಿದೆ, ಎಣ್ಣೆ ಬಿಡಲೇ ಎಂದು ಕೇಳಿದ. ಅಜ್ಜ ಅರ ಕೆಳಗಿಡದೆಯೇ ಹೇಳಿದ: "ಎಣ್ಣೆ ಬಿಟ್ರೆ ಧೂಳು ಹಿಡಿಯತ್ತೆ ಅನ್ನು. ಪೆನ್ಸಿಲ್ ಸೀಸದ ಪುಡಿ ಹಾಕೋಕೆ ಹೇಳು." ಸೊಸೆ ಹಾಗೆಯೇ ಬರೆದಳು. ಯಾರು ಏನೇ ಕೇಳಿದರೂ ಒಂದು ಗಂಟೆಯೊಳಗೆ ಉತ್ತರ. ಅದು ಅವಳ ನಿಯಮ, ಅವಳ ಹೆಮ್ಮೆ. ಮೂರು ತಿಂಗಳಲ್ಲಿ ಅಂಗಡಿಯ ಮುಂದೆ ಜನ ನಿಂತರು. ಕೆಲವರು ಕೀಲಿಗಿಂತ ಹೆಚ್ಚಾಗಿ ಆ ಕೈಗಳನ್ನು ನೋಡಲು ಬಂದವರು.

"ಇಷ್ಟು ವರ್ಷ ನಿನ್ನ ಮುಖ ನೋಡಿ ಓಡಿಹೋಗ್ತಿದ್ರು, ಈಗ ಕೈ ನೋಡಿ ಓಡಿಬರ್ತಿದಾರೆ. ಮುಖ ಒಳಗೇ ಇಟ್ಕೊಂಡಿರು ಮಾರಾಯ," ಎಂದ ಗಡಿಯಾರದವನು.

ಅಜ್ಜ ಆ ಪೇಜನ್ನು ಒಮ್ಮೆಯೂ ನೋಡಿರಲಿಲ್ಲ. ಫೋನಿನ ಬೆಳಕು ಕಣ್ಣು ಚುಚ್ಚುತ್ತದೆ ಎನ್ನುತ್ತಿದ್ದ. ಸೊಸೆ ಓದಿ ಹೇಳಿದ್ದನ್ನು ಕೇಳುತ್ತಿದ್ದ, ಅಷ್ಟೆ.

ಹಾಗೆ ಬಂದವರಲ್ಲಿ ಒಬ್ಬ ನರ್ಸ್ ಇದ್ದಳು. ನಲವತ್ತರ ಆಸುಪಾಸು. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ್ದಳು, ನಾಡಿ ಹಿಡಿಯುವವರು ಕಟ್ಟುವ ಹಾಗೆ. ಹೊಸದಾಗಿ ಬಾಡಿಗೆಗೆ ಹಿಡಿದ ಮನೆಗೆ ಬೀಗ ಬೇಕಿತ್ತು.

"ಇದಕ್ಕೆ ಎಷ್ಟು ಕೀಲಿ ಇರತ್ತೆ?"

"ಎರಡು. ಎರಡೂ ನಿಮ್ಮ ಹತ್ರಾನೇ."

"ನಿಮ್ಮ ಹತ್ರ?"

"ನನ್ನ ಹತ್ರ ಮರೆವು ಇರತ್ತೆ."

ಅವಳು ನಗಲು ನೋಡಿ, ನಗದೆ ಹೇಳಿದಳು: "ಹಿಂದಿನ ಮನೆ ಕೀಲಿ ಒಬ್ಬರ ಹತ್ರ ಉಳ್ಕೊಂಡಿತ್ತು. ವಾಪಸ್ ಕೇಳೋ ಹಾಗಿರ್ಲಿಲ್ಲ. ಅದಕ್ಕೇ ಮನೆಯನ್ನೇ ಬಿಟ್ಟು ಬಂದೆ."

ಅಜ್ಜ ಕೆಲಸಕ್ಕೆ ಕೂತ. ಅಂಗಡಿಯಲ್ಲೇ ಎರಡು ಕೀಲಿ ಕಡೆದು, ಹಿತ್ತಾಳೆ ಮಿಂಚುವಂತೆ ಉಜ್ಜಿ, ಮೇಜಿನ ನೀಲಿ ಬಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದ. ಬರುವಷ್ಟರಲ್ಲಿ ಸೊಸೆ, "ಅಕ್ಕ, ಒಂದು ಚಿತ್ರ ತೆಗೀಲಾ?" ಎಂದು ಕೇಳಿದ್ದಳು. ನರ್ಸ್, "ನನ್ನ ಹೆಸರು ಮಾತ್ರ ಬೇಡ," ಎಂದಿದ್ದಳು. ಸಂಜೆ ಅಜ್ಜ ಹೋಗಿ ಬೀಗ ಕೂರಿಸಿ ಬಂದ.

ಆರನೆಯ ದಿನ ಬೆಳಿಗ್ಗೆ ಗಡಿಯಾರದವನು ಫೋನ್ ಹಿಡಿದು ಬಂದ. "ನೋಡಯ್ಯ, ಹದಿನಾಲ್ಕು ಸಾವಿರ ಜನ ನೋಡಿದಾರೆ. ನನ್ನ ಮದುವೇಗೆ ನಲವತ್ತು ಜನಾನೂ ಬಂದಿರ್ಲಿಲ್ಲ." ಭೂತಗನ್ನಡಿಯ ಅಗತ್ಯವೇ ಇಲ್ಲದಂತೆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಅಜ್ಜನ ಮೂಗಿನ ಮುಂದೆ ಹಿಡಿದ.

ನೀಲಿ ಬಟ್ಟೆ. ಅದರ ಮೇಲೆ ಅಡ್ಡಲಾಗಿ ಮಲಗಿದ ಎರಡು ಕೀಲಿ. ಕೆಳಗೆ ಎರಡು ಸಾಲು: "ಇಂದು ಒಬ್ಬರಿಗೆ ಹೊಸ ಬಾಗಿಲು. ಇನ್ನು ನೆಮ್ಮದಿಯ ನಿದ್ದೆ."

ಅಜ್ಜನ ಕಣ್ಣು ತಾನಾಗಿ ಓದಿತು. ನಾಲ್ಕು, ಎರಡು, ಐದು, ಒಂದು, ಮೂರು.

ಯಾವ ಮನೆಯಿಂದ ಹೊರಗೆ ಬಂದಿದ್ದನೋ ಆ ಮನೆಯೊಳಗೆ ಮತ್ತೆ ನಿಂತಿದ್ದ, ಹದಿನಾಲ್ಕು ಸಾವಿರ ಜನರ ಜೊತೆ.

"ಕೆಳಗೆ ಜನ ಏನೇನು ಬರೆದಿದಾರೆ, ಓದು," ಎಂದ.

ಗಡಿಯಾರದವನು ಓದುತ್ತ ಹೋದ. ಚೆಂದ. ಅಜ್ಜನ ಕೈಗೆ ನಮಸ್ಕಾರ. ನಮ್ಮ ಕಡೆಗೂ ಬರ್ತೀರಾ? ಅದಕ್ಕೆ ಸೊಸೆಯ ಉತ್ತರ: "ಖಂಡಿತ! ಈ ಬೀಗವನ್ನೂ ಗ್ರಂಥಾಲಯದ ಎದುರಿನ ಹಳದಿ ಕಟ್ಟಡಕ್ಕೇ ಹೋಗಿ ಹಾಕಿ ಬಂದೆವು."

ಸೊಸೆ ಒಳಗೆ ಬಂದದ್ದು ಆಗಲೇ. ಅಜ್ಜ ಬೈಯಲಿಲ್ಲ. "ಆ ಫೋನ್ ಹಿಡ್ಕೊಂಡು ಇಲ್ಲಿ ನಿಂತ್ಕೋಮ್ಮ," ಎಂದ. ಗೋಡೆಯಿಂದ ಒಂದು ಖಾಲಿ ಕೀಲಿ ತೆಗೆದು ಇಕ್ಕಳಕ್ಕೆ ಕಚ್ಚಿಸಿದ. ಅರ ಎತ್ತಿಕೊಂಡ.

"ಏನ್ಮಾವ, ಪರೀಕ್ಷೆ ಬರೀತಿದೀರಾ, ನೋಡ್ಕೊಂಡು?" ಎಂದು ಅವಳು ನಕ್ಕಳು. ಎರಡನೆಯ ಹಲ್ಲು ಮೂಡುವ ಹೊತ್ತಿಗೆ ನಗು ನಿಂತಿತ್ತು. ಐದನೆಯದು ಮೂಡಿದಾಗ ಅವಳು ಫೋನನ್ನು ಇಕ್ಕಳದ ಪಕ್ಕ ಹಿಡಿದು ಎರಡನ್ನೂ ಹೋಲಿಸಿ ನೋಡಿದಳು. "ಮಾವ, ನನಗೆ ಗೊತ್ತಿರ್ಲಿಲ್ಲ," ಎಂದಳು.

"ಗೊತ್ತಿರೋದು ಹೇಗೆ? ನಾನು ಹೇಳಿದ್ರೆ ತಾನೆ."

ಹಳದಿ ಕಟ್ಟಡದ ಮೂರನೆಯ ಮಹಡಿಗೆ ಇಬ್ಬರೂ ಹತ್ತಿದರು. ನರ್ಸ್ ರಾತ್ರಿ ಪಾಳಿ ಮುಗಿಸಿ ಬಂದು ಮುಖ ತೊಳೆದಿದ್ದಳು. ಅಜ್ಜ ಹೊಸ್ತಿಲ ಹೊರಗೇ ನಿಂತ. "ಒಂದ್ಸಲ ಬಾಗಿಲು ಹಾಕಿ ಬೀಗ ತಿರುಗಿಸಿಮ್ಮ. ಒಳಗೇ ಇರಿ."

ಬಾಗಿಲು ಮುಚ್ಚಿತು. ಬೀಗ ತಿರುಗಿದ ಸದ್ದು ಕೇಳಿಸಿತು. ಅಜ್ಜ ಚಿತ್ರ ನೋಡಿ ಕಡೆದ ಕೀಲಿಯನ್ನು ತೂತಿಗೆ ಇಟ್ಟ. ತಿರುಗದಿರಲಿ ಎಂದು ಬೇಡಿಕೊಂಡ. ತನ್ನ ಕೈಯ ಕೆಲಸ ಸೋಲಲಿ ಎಂದು ಅವನು ಜೀವಮಾನದಲ್ಲಿ ಬೇಡಿದ್ದು ಅದೊಂದೇ ಸಲ.

ಕೀಲಿ ಬೆಣ್ಣೆಯಲ್ಲಿ ಚಾಕು ಆಡಿದಂತೆ ತಿರುಗಿತು. ಬಾಗಿಲು ತೆರೆದುಕೊಂಡಿತು. ಒಳಗೆ ನರ್ಸ್ ನಿಂತಿದ್ದಳು, ಟವೆಲ್ಲನ್ನು ಎದೆಗೆ ಒತ್ತಿಕೊಂಡು.

"ಇದನ್ನ ಪೇಜಿನ ಚಿತ್ರ ನೋಡಿ ಮಾಡಿದೆ," ಎಂದ ಅಜ್ಜ. "ನಾನು ಮಾಡ್ಬಲ್ಲೆ ಅಂದ್ರೆ ಇನ್ನೊಬ್ಬನೂ ಮಾಡ್ಬಲ್ಲ. ಕಟ್ಟಡ ಯಾವ್ದು ಅಂತಾನೂ ಬರೆದಿದೀವಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ಈಗಲೇ ಬೇರೆ ಬೀಗ ಹಾಕ್ಕೊಡ್ತೀನಿ."

ಅವಳು ಅಜ್ಜನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಆ ಚಿತ್ರಕ್ಕೆ ನಾನೂ ಲೈಕ್ ಒತ್ತಿದ್ದೆ," ಎಂದಳು. "ನನ್ನ ಬಾಗಿಲು ಅಂತ ಖುಷಿಯಾಗಿತ್ತು."

ಸೊಸೆ ಅಳತೊಡಗಿದಳು. ನರ್ಸ್ ಅವಳನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಅಜ್ಜನ ಕಡೆ ತಿರುಗಿ, "ಬೀಗ ಬೇರೆಯವರ ಹತ್ರ ಹಾಕಿಸ್ಕೋತೀನಿ. ತಪ್ಪು ತಿಳ್ಕೋಬೇಡಿ," ಎಂದಳು.

ನಲವತ್ತೊಂದು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ತಲೆಯಾಡಿಸಿ, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. "ಅವರು ಬರೋವರೆಗೆ ಮೆಟ್ಟಿಲ ಮೇಲೆ ಕೂತಿರ್ತೀನಿ. ನೀವು ಚಿಲಕ ಹಾಕ್ಕೊಂಡು ಮಲಗಿ."

ಬೀಗದ ಇನ್ನೊಬ್ಬ ಕೆಲಸಗಾರ, ರೈಲು ನಿಲ್ದಾಣದ ಹತ್ತಿರದವನು, ಬರುವುದು ಮೂರು ಗಂಟೆಗೆ ಎಂದು ತಿಳಿಯಿತು. ಮಾವ ಸೊಸೆ ಮೆಟ್ಟಿಲ ಮೇಲೆ ಕೂತರು. ಮೇಲಿನ ಮಹಡಿಯವರು ದಾಟಿಹೋಗಲು ಆಗಾಗ ಮಂಡಿ ಸರಿಸಿ ದಾರಿ ಕೊಡಬೇಕಾಗುತ್ತಿತ್ತು.

"ಚಿತ್ರ ತೆಗೆದುಹಾಕಿದೆ ಮಾವ. ಈಗ ಪೇಜಲ್ಲಿ ಇಲ್ಲ."

"ನೋಡಿದವರ ಕಣ್ಣಿಂದ ತೆಗೆದ್ಯಾ?"

ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇಂಥವು ಇನ್ನೆಷ್ಟಿವೆ?"

ಅವಳು ಬೆರಳಾಡಿಸಿ ಹುಡುಕಿದಳು. "ಒಂಬತ್ತು."

"ಅವನ್ನೂ ತೆಗೆದುಹಾಕು. ಒಂಬತ್ತು ಮನೆಗೂ ಹೋಗ್ಬೇಕು. ಆಮೇಲೆ ಪೇಜಲ್ಲೂ ಹೇಳ್ಬೇಕು, ನಾನೇ."

"ಮನೆಗೆ ಹೋಗೋಣ, ಒಪ್ಕೋತೀನಿ. ಪೇಜಲ್ಲಿ ಯಾಕೆ? ಅದರಿಂದಾನೇ ಅಲ್ವಾ ಅಂಗಡಿ ಉಸಿರಾಡ್ತಿರೋದು? ನಮ್ಮ ತಲೆ ಮೇಲೆ ನಾವೇ ಮಣ್ಣು ಸುರ್ಕೊಳ್ಳೋದಾ?"

ಅಜ್ಜ ತನ್ನ ಬೆರಳುಗಳನ್ನು ನೋಡಿಕೊಂಡ. ಪೇಜಿನಲ್ಲಿ ಜನ ಹೊಗಳಿದ ಬೆರಳುಗಳು. "ಬೀಗದವನ ಹತ್ರ ಇರೋದು ಎರಡೇ ಮಗಳೇ. ಅರ ಒಂದು, ನಂಬಿಕೆ ಒಂದು. ಅರ ಸವೆದ್ರೆ ಹೊಸದು ತರಬಹುದು. ನೀನೇ ಹೇಳಿದ್ದಲ್ವಾ, ಜನರ ಹತ್ರ ಮಾತಾಡ್ಬೇಕು ಅಂತ? ಚೆನ್ನಾಗಿರೋದು ಮಾತ್ರ ಹೇಳೋದು ಮಾತಾಡೋದಾ?"

ಮೂರಕ್ಕೆ ರೈಲು ನಿಲ್ದಾಣದವನು ಚೀಲ ಹೆಗಲಿಗೇರಿಸಿ ಬಂದ. ಅಜ್ಜನನ್ನು ಕಂಡು ಹುಬ್ಬೇರಿಸಿದ. "ಏನಜ್ಜಾ, ಕಾವಲು ಕೆಲಸಕ್ಕೆ ಸೇರ್ಕೊಂಡ್ಯಾ?"

"ಹೂಂನಪ್ಪ. ಒಂದೇ ದಿನದ ನೌಕರಿ."

ಅವನು ಚೀಲ ಬಿಚ್ಚಿ ಹೊಸ ಬೀಗದ ಕೀಲಿ ಹೊರತೆಗೆಯುತ್ತಿದ್ದಂತೆ ಅಜ್ಜ ಎದ್ದು ಗೋಡೆಗೆ ಮುಖ ಮಾಡಿ ನಿಂತ. ಕೆಲಸ ಮುಗಿಯುವವರೆಗೂ ಹಾಗೇ ನಿಂತಿದ್ದ. ಸುಣ್ಣದ ಗೋಡೆಯಲ್ಲಿ ಒಂದು ಸಣ್ಣ ಬಿರುಕಿತ್ತು, ಅದನ್ನೇ ನೋಡುತ್ತಿದ್ದ. ಸ್ಕ್ರೂ ಬಿಗಿದ ಸದ್ದು, ಕೀಲಿ ಎರಡು ಸಲ ತಿರುಗಿದ ಸದ್ದು, ಕೊನೆಗೆ ಬಾಗಿಲು ಮುಚ್ಚಿದ ಸದ್ದು. ಬಾಗಿಲು ಮುಚ್ಚುವ ಮೊದಲು ಹೊಸ್ತಿಲಲ್ಲಿ ಯಾರೋ ಕ್ಷಣ ಹೊತ್ತು ನಿಂತು ತನ್ನ ಬೆನ್ನನ್ನು ನೋಡಿದಂತೆ ಅವನಿಗೆ ಅನ್ನಿಸಿತು. ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಫೋನಿನ ಮುಂದೆ ಕೂತ. ಮೂರು ಸಲ ಅರ್ಧಕ್ಕೇ ನಿಲ್ಲಿಸಿದ. ನಾಲ್ಕನೆಯ ಸಲ ಹೇಳಿದ್ದಿಷ್ಟು: "ನಾನು ಬೀಗದವನು. ನನ್ನ ಅಂಗಡಿಯಿಂದ ಕೀಲಿಗಳ ಚಿತ್ರ ಹಾಕಿದ್ವಿ. ಹಾಕಬಾರದಿತ್ತು. ಚಿತ್ರ ನೋಡಿ ಕೀಲಿ ಮಾಡಬಹುದು, ನಾನೇ ಮಾಡಿ ನೋಡಿದೆ. ತಪ್ಪು ಚಿತ್ರ ತೆಗೆದವರದ್ದಲ್ಲ, ನಿಯಮ ಹೇಳಿಕೊಡದೆ ಇದ್ದ ನನ್ನದು. ನೀವೂ ಹೊಸ ಮನೆ ಕೀಲಿ ತೋರಿಸ್ಕೊಂಡು ಚಿತ್ರ ಹಾಕಿರ್ತೀರಿ. ದಯವಿಟ್ಟು ತೆಗೆದುಹಾಕಿ. ಸಂತೋಷ ತೋರಿಸಿ, ಕೀಲಿ ತೋರಿಸ್ಬೇಡಿ. ಹೀಗೆ ಹಿಡ್ಕೊಳ್ಳಿ." ಖಾಲಿ ಕೀಲಿಯೊಂದನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ.

ಬೈದವರು ಬೈದರು. ಕಳ್ಳರಿಗೆ ಪಾಠ ಹೇಳಿಕೊಡುವ ಅಜ್ಜ ಎಂದ ಒಬ್ಬ. ಸೊಸೆ ಒಂದನ್ನೂ ಅಳಿಸಲಿಲ್ಲ. ಪ್ರತಿಯೊಬ್ಬರಿಗೂ ಉತ್ತರ ಬರೆದಳು, ಈಗ ಗಂಟೆಯೊಳಗೆ ಅಲ್ಲ, ಮಾವನನ್ನು ಕೇಳಿದ ಮೇಲೆ. ಒಂಬತ್ತು ಮನೆಗಳಿಗೂ ಇಬ್ಬರೂ ಹೋದರು. ಏಳು ಮನೆಯವರು ಅವನ ಕೈಯಿಂದಲೇ ಬೀಗ ಬದಲಿಸಿಕೊಂಡರು, ಇಬ್ಬರು ಬೇಡವೆಂದರು. ಪೇಜಿನಲ್ಲಿದ್ದವರಲ್ಲಿ ಕಾಲು ಪಾಲು ಜನ ಬಿಟ್ಟುಹೋದರು. ಎರಡು ವಾರ ಅಂಗಡಿಯಲ್ಲಿ ಮತ್ತೆ ಅರಗಳನ್ನು ಒರೆಸಿ ಜೋಡಿಸುವ ಕೆಲಸ.

ಆ ನರ್ಸ್ ಹೆದರಿ ಬಿಟ್ಟು ಬಂದ ಮನುಷ್ಯ ಆ ಚಿತ್ರ ನೋಡಿದನೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಅಜ್ಜ ಸಂಜೆ ಅಂಗಡಿ ಮುಚ್ಚಿ ಗ್ರಂಥಾಲಯದ ಬೀದಿ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ. ಹಳದಿ ಕಟ್ಟಡದ ಮೂರನೆಯ ಮಹಡಿಯಲ್ಲಿ ದೀಪ ಕಂಡರೆ ಹೆಜ್ಜೆ ಹಗುರವಾಗುತ್ತಿತ್ತು.

ಮೂರನೆಯ ವಾರದಲ್ಲಿ ಯಾರೋ ಒಂದು ಚಿತ್ರ ಕಳಿಸಿದರು: ಹೊಸ ಮನೆಯ ಬಾಗಿಲ ಮುಂದೆ ಗಂಡ ಹೆಂಡತಿ, ಇಬ್ಬರದೂ ಮುಚ್ಚಿದ ಮುಷ್ಟಿ. ಸೊಸೆ ಅನುಮತಿ ಕೇಳಿ, ಬಾಗಿಲ ಸಂಖ್ಯೆಯನ್ನು ಮರೆಮಾಡಿ ಹಾಕಿದಳು. ಮರುದಿನ ಇನ್ನೊಂದು. ಆಮೇಲೆ ದಿನಕ್ಕೆ ನಾಲ್ಕೈದು. ಸುಕ್ಕುಗಟ್ಟಿದ ಮುಷ್ಟಿ, ಮಸಿ ಹತ್ತಿದ ಮುಷ್ಟಿ, ಪೂರ್ತಿ ಮುಚ್ಚಲಾಗದ ಮಗುವಿನ ಮುಷ್ಟಿ. ಪೇಜು ಬಿಟ್ಟುಹೋದವರಲ್ಲಿ ಕೆಲವರು ಮರಳಿದರು. ಗಿರಾಕಿಗಳು ಅಂಗಡಿಗೆ ಬಂದಾಗ ಕೀಲಿಯನ್ನು ಮುಷ್ಟಿಯಲ್ಲೇ ತಂದು, ಅಜ್ಜನ ಮುಷ್ಟಿಗೆ ದಾಟಿಸುತ್ತಿದ್ದರು.

ಒಂದು ಮಧ್ಯಾಹ್ನ ಸೊಸೆ ಕುರ್ಚಿಯಿಂದ ಎದ್ದು ಬಂದಳು. "ಮಾವ, ಇದು ನೋಡಿ. ಹೆಸರಿಲ್ಲ, ಮಾತಿಲ್ಲ. ಎಷ್ಟು ಚೆನ್ನಾಗಿದೆ! ಇವತ್ತು ಇದನ್ನೇ ಹಾಕ್ತೀನಿ."

ಅಜ್ಜ ಕನ್ನಡಕ ಸರಿಸಿ ನೋಡಿದ. ಕಿಟಕಿಯ ಬೆಳಕಿನಲ್ಲಿ ಮೇಲ್ಮುಖವಾಗಿ ಹಿಡಿದ ಒಂದು ಮುಷ್ಟಿ. ಬೆರಳುಗಳು ಬಿಗಿಯಾಗಿ ಮುಚ್ಚಿದ್ದವು, ಎಲ್ಲೂ ಹಿತ್ತಾಳೆಯ ಎಳೆಯೂ ಕಾಣುತ್ತಿರಲಿಲ್ಲ. ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ ಹನ್ನೊಂದು ಗಂಟೆ ತೋರಿಸುತ್ತಿತ್ತು.

ಅವನು ತುಂಬ ಹೊತ್ತು ನೋಡಿದ. ಅವನ ಕಣ್ಣು ಓದಲು ಅಲ್ಲಿ ಏನೂ ಇರಲಿಲ್ಲ.

"ಹಾಕ್ಬೇಡ ಮಗಳೇ," ಎಂದ. "ಇದು ಪೇಜಿಗೆ ಕಳಿಸಿದ್ದಲ್ಲ."

ಸೊಸೆ ಇನ್ನೊಮ್ಮೆ ಚಿತ್ರ ನೋಡಿದಳು, ಆ ಗಡಿಯಾರವನ್ನೂ. ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಅಜ್ಜ ಬೀದಿಗೆ ಬೆನ್ನು ಹಾಕಿ ಕೂತು, ಕಾಯುತ್ತಿದ್ದ ಗಿರಾಕಿಯ ಕೀಲಿಯಿದ್ದ ಮುಷ್ಟಿ ಬಿಚ್ಚಿದ.